ಪ್ರಯೋಗಾಲಯಗಳಿಗೊಂದು ರಾಷ್ಟ್ರೀಯ ನೀತಿ: ಮನವಿಯಲ್ಲಿ ಏನನ್ನು ಕೇಳಬೇಕು, ಏನನ್ನು ಬಿಡಬೇಕು?

ಪ್ರಶ್ನೆ: ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಹಿರಿಯ ಲ್ಯಾಬ್ ಟೆಕ್ನಿಷಿಯನ್, ನಮ್ಮ ವೃತ್ತಿ ಸಂಘದ ಕಾರ್ಯದರ್ಶಿಯೂ ಹೌದು. ವೈದ್ಯಕೀಯ ಪ್ರಯೋಗಾಲಯ ಸೇವೆಗಳನ್ನು ಬಲಪಡಿಸಲು ರಾಷ್ಟ್ರೀಯ ನೀತಿಯೊಂದು ಬೇಕೆಂದು ಆರೋಗ್ಯ ಸಚಿವಾಲಯಕ್ಕೆ ಮನವಿ ಸಲ್ಲಿಸಲು ಹೊರಟಿದ್ದೇವೆ. ಮೊದಲ ಸುತ್ತಿನ ಮಾತುಕತೆಯಲ್ಲಿ ಅಧಿಕಾರಿಯೊಬ್ಬರು, "ಎಲ್ಲ ಆಸ್ಪತ್ರೆಗಳಿಗೂ ಹೊಸ ಅನಲೈಸರ್ (ಪರೀಕ್ಷಾ ಯಂತ್ರ) ಕೊಟ್ಟಾಗಿದೆ, ಇನ್ನು ನೀತಿ ಯಾತಕ್ಕೆ?" ಎಂದು ಕೇಳಿದರು. ಆದರೆ ನಮ್ಮ ಆಸ್ಪತ್ರೆಯ ವೈದ್ಯರೇ ನಮ್ಮ ವರದಿಯನ್ನು ನಂಬದೆ ಅದೇ ಪರೀಕ್ಷೆಯನ್ನು ಹೊರಗೆ ಮತ್ತೊಮ್ಮೆ ಮಾಡಿಸುತ್ತಾರೆ. ಸಂಘದೊಳಗೂ ಒಮ್ಮತವಿಲ್ಲ. ಹಿರಿಯರು ಎಲ್ಲ ಪ್ರಯೋಗಾಲಯಗಳಿಗೂ ಮೊದಲ ದಿನದಿಂದಲೇ ಅಕ್ರೆಡಿಟೇಷನ್ (ಗುಣಮಟ್ಟದ ಮಾನ್ಯತೆ) ಕಡ್ಡಾಯವಾಗಲಿ ಎನ್ನುತ್ತಾರೆ. ಹಾಗಾದರೆ ಚಿಕ್ಕ ಲ್ಯಾಬ್‌ಗಳು ಮುಚ್ಚಿಹೋಗುತ್ತವೆ ಎಂಬುದು ಕಿರಿಯರ ಭಯ. ಕರಡಿನಲ್ಲಿ "ವೈದ್ಯಕೀಯ ನಿರ್ಧಾರಗಳಲ್ಲಿ ಶೇ. 70ರಷ್ಟು ಪ್ರಯೋಗಾಲಯದ ವರದಿಯನ್ನೇ ಅವಲಂಬಿಸಿವೆ" ಎಂದು ಆರಂಭಿಸಿ, ವೇತನ ಪರಿಷ್ಕರಣೆಯ ಬೇಡಿಕೆಯನ್ನೂ ಸೇರಿಸಿದ್ದೇವೆ. ಇದು ಸರಿಯೇ? ಮನವಿಯಲ್ಲಿ ಯಾವುದಕ್ಕೆ ಒತ್ತು ಕೊಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಮಾತು ಅಧಿಕಾರಿಯದಲ್ಲ, ನಿಮ್ಮದೇ ವೈದ್ಯರದು. ವರದಿಯನ್ನು ಕೇಳಿದವರೇ ನಂಬದಿದ್ದರೆ ಆ ಪರೀಕ್ಷೆಗೆ ಖರ್ಚಾದ ರಿಯೇಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ), ತಂತ್ರಜ್ಞರ ಶ್ರಮ, ರೋಗಿಯ ಕಾಯುವಿಕೆ ಎಲ್ಲವೂ ವ್ಯರ್ಥ. ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಳ್ಳುತ್ತೇನೆ: ಯಂತ್ರಗಳಿದ್ದೂ ವರದಿಯ ಮೇಲೆ ವಿಶ್ವಾಸ ಮೂಡದಿರುವುದಕ್ಕೆ ಕಾರಣವೇನು, ಆ ಕಾರಣಗಳಲ್ಲಿ ಯಾವುದನ್ನು ಒಂದು ಆಸ್ಪತ್ರೆ ತಾನೇ ಸರಿಪಡಿಸಿಕೊಳ್ಳಬಹುದು, ಯಾವುದಕ್ಕೆ ರಾಷ್ಟ್ರಮಟ್ಟದ ತೀರ್ಮಾನವೇ ಬೇಕು? ಈ ಗೆರೆಯನ್ನು ಸ್ಪಷ್ಟವಾಗಿ ಎಳೆದುಕೊಂಡರೆ ಮನವಿಯ ಅರ್ಧ ಕೆಲಸ ಮುಗಿದಂತೆ.

ಒಳ್ಳೆಯ ಯಂತ್ರವಿದ್ದರೆ ಒಳ್ಳೆಯ ವರದಿ ಬರುತ್ತದೆ ಎಂಬ ನಂಬಿಕೆ ಅಧಿಕಾರಿಗಳಲ್ಲಿ ಮಾತ್ರವಲ್ಲ, ಬಹಳಷ್ಟು ವೈದ್ಯರಲ್ಲೂ ಇದೆ. ಅದರಲ್ಲಿ ಸ್ವಲ್ಪ ಸತ್ಯವೂ ಇಲ್ಲದಿಲ್ಲ. ಇಂದಿನ ಅನಲೈಸರ್‌ಗಳು ಹಿಂದಿನವುಗಳಿಗಿಂತ ಖಂಡಿತವಾಗಿಯೂ ನಿಖರವಾಗಿವೆ. ಆದರೆ ಪ್ರಯೋಗಾಲಯದ ತಪ್ಪುಗಳ ಬಗ್ಗೆ ನಡೆದಿರುವ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿರುವುದೇನೆಂದರೆ, ತಪ್ಪುಗಳ ದೊಡ್ಡ ಪಾಲು ಮಾದರಿ ಯಂತ್ರದೊಳಗೆ ಹೋಗುವ ಮೊದಲೇ ಆಗಿಹೋಗಿರುತ್ತದೆ. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದಿದ್ದರೆ, ರೋಗಿಯ ದೇಹದಲ್ಲಿ ಪೊಟ್ಯಾಸಿಯಂ ಸರಿಯಾಗಿದ್ದರೂ ವರದಿಯಲ್ಲಿ ಅದು ಅಪಾಯಕರ ಮಟ್ಟದಲ್ಲಿ ಕಾಣಿಸಿಕೊಳ್ಳುತ್ತದೆ. ಕಣಗಳಿಂದ ಬೇರ್ಪಡಿಸದೆ ಕೋಣೆಯ ಉಷ್ಣಾಂಶದಲ್ಲಿಟ್ಟ ರಕ್ತದಲ್ಲಿ ಗ್ಲೂಕೋಸ್ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಇಳಿಯುತ್ತಾ ಹೋಗುತ್ತದೆ; ಈ ಇಳಿಕೆಯನ್ನು ತಡೆಯಲೆಂದೇ ಇರುವ ಫ್ಲೋರೈಡ್ ಟ್ಯೂಬ್ ಬಳಸಿದರೂ ಮೊದಲ ಒಂದೆರಡು ಗಂಟೆಗಳ ಇಳಿಕೆ ಪೂರ್ತಿಯಾಗಿ ನಿಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಪೊಟ್ಯಾಸಿಯಂ ಲವಣ ಹಾಕಿರುವ ಇಡಿಟಿಎ ಟ್ಯೂಬ್‌ನಲ್ಲಿದ್ದ ರಕ್ತವನ್ನು ಬೇರೆ ಟ್ಯೂಬ್‌ಗೆ ಸುರಿದರೆ ಪೊಟ್ಯಾಸಿಯಂ ಏರಿ ಕ್ಯಾಲ್ಸಿಯಂ ಕುಸಿಯುತ್ತದೆ. ಈ ಯಾವ ಸಂದರ್ಭದಲ್ಲೂ ಅನಲೈಸರ್ ತನ್ನ ಮುಂದಿಟ್ಟದ್ದನ್ನು ಸರಿಯಾಗಿಯೇ ಅಳೆದಿರುತ್ತದೆ. ತಪ್ಪಿರುವುದು ವಾರ್ಡಿನಲ್ಲಿ, ಸಾಗಣೆಯಲ್ಲಿ, ಹೆಸರಿನ ಚೀಟಿಯಲ್ಲಿ, ಅಥವಾ ಮಾದರಿಯನ್ನು ತಿರಸ್ಕರಿಸುವ ಅಧಿಕಾರವನ್ನು ತಂತ್ರಜ್ಞರಿಗೆ ಕೊಡದ ವ್ಯವಸ್ಥೆಯಲ್ಲಿ.

ಯಂತ್ರವೂ ಕೊಂಡ ದಿನ ಇದ್ದ ಹಾಗೆಯೇ ಉಳಿಯುವುದಿಲ್ಲ. ಕಡಿಮೆ ಸಂಪನ್ಮೂಲದ 16 ದೇಶಗಳ ವೈದ್ಯಕೀಯ ಉಪಕರಣಗಳ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸುಮಾರು ಶೇ. 40ರಷ್ಟು ಉಪಕರಣಗಳು ಕೆಟ್ಟು ನಿಂತಿದ್ದವು. ಗುಣಮಟ್ಟ ಪರಿಶೀಲನೆಗೆಂದು ನಾನು ಭೇಟಿ ಕೊಟ್ಟ ಪ್ರಯೋಗಾಲಯಗಳಲ್ಲೂ ಬಟ್ಟೆ ಹೊದಿಸಿಟ್ಟ ಅನಲೈಸರ್ ಅಪರೂಪದ ನೋಟವೇನಲ್ಲ. ಅದರ ಹಿಂದಿನ ಕಥೆ ಬಹುಪಾಲು ಒಂದೇ ಬಗೆಯದು. ಬಂಡವಾಳ ವೆಚ್ಚದ ಬಾಬ್ತಿನಲ್ಲಿ ಯಂತ್ರ ಬಂದಿರುತ್ತದೆ, ಆದರೆ ನಿರ್ವಹಣಾ ಒಪ್ಪಂದಕ್ಕೆ, ಕ್ಯಾಲಿಬ್ರೇಟರ್‌ಗೆ, ಕಂಟ್ರೋಲ್ ದ್ರಾವಣಕ್ಕೆ (ಯಂತ್ರದ ಅಳತೆಯನ್ನು ಹೊಂದಿಸುವ, ಸರಿಯಿದೆಯೇ ಎಂದು ನೋಡುವ ದ್ರಾವಣಗಳಿವು) ಪ್ರತ್ಯೇಕ ಬಾಬ್ತೇ ಇರುವುದಿಲ್ಲ. ಕೆಲವೊಮ್ಮೆ ಕೊಂಡ ಯಂತ್ರಕ್ಕೆ ಅದೇ ಕಂಪನಿಯ ರಿಯೇಜೆಂಟ್ ಮಾತ್ರ ಹೊಂದುತ್ತದೆ. ಟೆಂಡರಿನಲ್ಲಿ ಕಡಿಮೆ ಬೆಲೆಗೆ ಆಯ್ಕೆಯಾದ ರಿಯೇಜೆಂಟ್ ಇನ್ನೊಂದು ಕಂಪನಿಯದಾಗಿರುತ್ತದೆ. ಅಧಿಕಾರಿಗೆ ನೀವು ಕೊಡಬೇಕಾದ ಉತ್ತರ ಇದೇ. ಯಂತ್ರ ಕೊಟ್ಟದ್ದಕ್ಕೆ ಕೃತಜ್ಞತೆ ಹೇಳಿ, ಅದು ವರ್ಷವಿಡೀ ನಂಬಲರ್ಹ ಫಲಿತಾಂಶ ಕೊಡುವುದಕ್ಕೆ ಏನೇನು ಬೇಕೋ ಅದು ಈಗ ಯಾರ ಜವಾಬ್ದಾರಿಯೂ ಅಲ್ಲ ಎಂಬುದನ್ನು ದಾಖಲೆಯ ಸಮೇತ ತೋರಿಸಿ.

ಇನ್ನು ಶೇ. 70ರ ಮಾತು. ದಯವಿಟ್ಟು ಅದನ್ನು ಕರಡಿನಿಂದ ತೆಗೆದುಹಾಕಿ. ಈ ಅಂಕಿ ದಶಕಗಳಿಂದ ಪ್ರಪಂಚದಾದ್ಯಂತ ಭಾಷಣಗಳಲ್ಲಿ, ಪ್ರಸ್ತಾವನೆಗಳಲ್ಲಿ ಓಡಾಡುತ್ತಿದೆ. ಅದರ ಮೂಲವನ್ನು ಹುಡುಕಿಹೋದ ಸಂಶೋಧಕರಿಗೆ ಗಟ್ಟಿಯಾದ ಅಧ್ಯಯನವೇನೂ ಸಿಗಲಿಲ್ಲ. ಹಣಕಾಸು ಇಲಾಖೆಯಲ್ಲಿ ಒಬ್ಬರೇ ಒಬ್ಬರು ಜಾಗೃತ ಅಧಿಕಾರಿ "ಇದಕ್ಕೆ ಆಧಾರವೇನು?" ಎಂದು ಕೇಳಿದರೂ ಉಳಿದ ಪುಟಗಳ ಮೇಲಿನ ನಂಬಿಕೆಯೂ ಕುಸಿಯುತ್ತದೆ, ಅಳತೆಯ ನಿಖರತೆಯೇ ನಮ್ಮ ಕಸುಬಾಗಿರುವುದರಿಂದ ಆ ಮುಜುಗರ ಇನ್ನಷ್ಟು ದೊಡ್ಡದು. ಅಂತಹ ಅಂಕಿಯ ಅಗತ್ಯವೂ ನಿಮಗಿಲ್ಲ. ರೋಗನಿರ್ಣಯದ ಕುರಿತು ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ್ದ ಆಯೋಗವು 2021ರಲ್ಲಿ, ಜಗತ್ತಿನ ಜನಸಂಖ್ಯೆಯ ಶೇ. 47ರಷ್ಟು ಮಂದಿಗೆ ರೋಗನಿರ್ಣಯ ಸೇವೆಗಳು ಅತ್ಯಲ್ಪವಾಗಿ ದೊರೆಯುತ್ತವೆ ಅಥವಾ ದೊರೆಯುವುದೇ ಇಲ್ಲವೆಂದು ಅಂದಾಜಿಸಿತು. 2023ರ ವಿಶ್ವ ಆರೋಗ್ಯ ಅಧಿವೇಶನವು ರೋಗನಿರ್ಣಯ ಸಾಮರ್ಥ್ಯವನ್ನು ಬಲಪಡಿಸುವ ನಿರ್ಣಯವನ್ನೇ ಅಂಗೀಕರಿಸಿ, ರಾಷ್ಟ್ರೀಯ ಆರೋಗ್ಯ ಯೋಜನೆಯ ಭಾಗವಾಗಿ ರೋಗನಿರ್ಣಯದ ಕಾರ್ಯತಂತ್ರವನ್ನು ರೂಪಿಸುವತ್ತ ಗಮನಹರಿಸುವಂತೆ ಸದಸ್ಯ ರಾಷ್ಟ್ರಗಳಿಗೆ ಕರೆಕೊಟ್ಟಿತು. ನಿಮ್ಮ ಸರ್ಕಾರವೂ ಆ ಅಧಿವೇಶನದ ಸದಸ್ಯ. ಅದು ಒಪ್ಪಿಕೊಂಡದ್ದನ್ನೇ ನೆನಪಿಸುವುದು ಯಾವ ಘೋಷವಾಕ್ಯಕ್ಕಿಂತಲೂ ಬಲವಾದ ಆರಂಭ.

ನೀತಿಯ ಅಗತ್ಯವನ್ನು ಅನುಭವದಿಂದ ಕಲಿತ ದೇಶಗಳಿವೆ, ಅವುಗಳ ದಾರಿ ನಿಮಗೆ ಉಪಯೋಗಕ್ಕೆ ಬಂದೀತು. ಆಫ್ರಿಕಾದಲ್ಲಿ ಎಚ್‌ಐವಿ, ಕ್ಷಯ, ಮಲೇರಿಯಾ ಕಾರ್ಯಕ್ರಮಗಳಿಗೆ ಹಣ ಹರಿದುಬಂದಾಗ ಒಂದೊಂದು ಕಾರ್ಯಕ್ರಮವೂ ತನ್ನದೇ ಯಂತ್ರ, ತನ್ನದೇ ತರಬೇತಿ, ತನ್ನದೇ ವರದಿ ಪುಸ್ತಕವನ್ನು ತಂದಿತು. ಒಂದೇ ಆಸ್ಪತ್ರೆಯ ಒಂದು ಕೋಣೆಯಲ್ಲಿ ಆಧುನಿಕ ಉಪಕರಣವಿದ್ದರೆ ಪಕ್ಕದ ಕೋಣೆಯಲ್ಲಿ ಹಿಮೋಗ್ಲೋಬಿನ್ ನೋಡುವುದಕ್ಕೂ ಪರದಾಡುವ ಸ್ಥಿತಿ. ಈ ಹಿನ್ನೆಲೆಯಲ್ಲಿ 2008ರ ಜನವರಿಯಲ್ಲಿ ಮೊಜಾಂಬಿಕ್‌ನ ಮಪುಟೊ ನಗರದಲ್ಲಿ ಒಂದು ಘೋಷಣೆ ಹೊರಬಿತ್ತು. ಸರ್ಕಾರಗಳು ರಾಷ್ಟ್ರೀಯ ಪ್ರಯೋಗಾಲಯ ನೀತಿಯನ್ನು ರೂಪಿಸಬೇಕು, ಬೇರೆ ಬೇರೆ ರೋಗಗಳ ಪರೀಕ್ಷೆಗಳಿಗೆ ಒಂದೇ ಸಮಗ್ರ ಪ್ರಯೋಗಾಲಯ ಜಾಲದ ಮೂಲಕ ನೆರವು ಸಿಗಬೇಕು ಎಂಬುದು ಅದರ ತಿರುಳು. ಹಣಕ್ಕಿಂತ ಮೊದಲು ಜೋಡಣೆ ಬೇಕು ಎಂಬ ಈ ತಿಳಿವಳಿಕೆ ಶ್ರೀಮಂತ ದೇಶಗಳಿಗೂ ಅನ್ವಯಿಸುತ್ತದೆ.

ಜೋಡಣೆಯಿಲ್ಲದಿದ್ದರೆ ತೆರಬೇಕಾದ ಬೆಲೆಯನ್ನು ಎಬೋಲಾ ತೋರಿಸಿತು. ಗಿನಿ ದೇಶದಲ್ಲಿ ಮೊದಲ ಸೋಂಕು ಕಾಣಿಸಿಕೊಂಡದ್ದು 2013ರ ಡಿಸೆಂಬರಿನಲ್ಲಿ ಎಂದು ಹಿಂದಿರುಗಿ ನೋಡಿದಾಗ ಗೊತ್ತಾಯಿತು. ಅದು ಎಬೋಲಾ ಎಂದು ದೃಢಪಟ್ಟದ್ದು 2014ರ ಮಾರ್ಚಿನಲ್ಲಿ, ಅದೂ ಮಾದರಿಗಳು ಯುರೋಪಿನ ಪ್ರಯೋಗಾಲಯಗಳನ್ನು ತಲುಪಿದ ಮೇಲೆ. ನಡುವಿನ ತಿಂಗಳುಗಳಲ್ಲಿ ಅದನ್ನು ಕಾಲರಾ, ಲಸ್ಸಾ ಜ್ವರ ಎಂದೆಲ್ಲ ಶಂಕಿಸಲಾಗಿತ್ತು. ಆ ತಿಂಗಳುಗಳಲ್ಲಿ ರೋಗ ಗಡಿ ದಾಟಿತು. ಸಾಂಕ್ರಾಮಿಕದ ಸಿದ್ಧತೆಯ ಬಗ್ಗೆ ಮಾತನಾಡುವ ಯಾವ ಸಚಿವಾಲಯವೂ ಈ ಉದಾಹರಣೆಯನ್ನು ಕಡೆಗಣಿಸಲಾರದು. ಆದರೂ ಒಂದು ಎಚ್ಚರಿಕೆ ಹೇಳುತ್ತೇನೆ: ಮನವಿಯನ್ನು ಸಾಂಕ್ರಾಮಿಕದ ಭಯದ ಮೇಲೆಯೇ ಕಟ್ಟಬೇಡಿ. ಭಯ ತಣ್ಣಗಾದ ಮೇಲೆ ಆ ಹಣವೂ ನಿಲ್ಲುತ್ತದೆ. ತುರ್ತಿನಲ್ಲಿ ಕೊಂಡ ಆರ್‌ಟಿ-ಪಿಸಿಆರ್ ಯಂತ್ರಗಳು ಕೋವಿಡ್ ಅಲೆ ಇಳಿದ ನಂತರ ಎಷ್ಟೋ ಕಡೆ ಸುಮ್ಮನೆ ಕುಳಿತಿವೆ. ಅದೇ ಯಂತ್ರದಲ್ಲಿ ಇತರ ಸೋಂಕುಗಳ ಪರೀಕ್ಷೆ ನಡೆಸುವ ಯೋಜನೆಯನ್ನು ಯಾರೂ ಮೊದಲೇ ಹಾಕಿರಲಿಲ್ಲ. ನಿತ್ಯದ ಸೇವೆ ಗಟ್ಟಿಯಾಗಿದ್ದರೆ ಮಾತ್ರ ತುರ್ತಿನ ಸೇವೆಯೂ ಗಟ್ಟಿಯಾಗಿರುತ್ತದೆ.

ಈಗ ಅಕ್ರೆಡಿಟೇಷನ್ ವಿಚಾರ. ನಿಮ್ಮ ಹಿರಿಯರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ವೈದ್ಯಕೀಯ ಪ್ರಯೋಗಾಲಯಗಳಿಗೆಂದೇ ಇರುವ ಐಎಸ್‌ಒ 15189 ಮಾನದಂಡ 2003ರಲ್ಲಿ ಮೊದಲು ಬಂತು, 2022ರಲ್ಲಿ ಪರಿಷ್ಕೃತವಾಯಿತು. ಅದಕ್ಕಿಂತ ಉತ್ತಮವಾದ ಗುರಿ ಸದ್ಯಕ್ಕೆ ನಮ್ಮ ಮುಂದಿಲ್ಲ. ಆದರೆ ಗುರಿಯನ್ನೇ ಪ್ರವೇಶದ ಬಾಗಿಲಾಗಿಸಿದರೆ ಆಗುವುದೇನೆಂದು ಯೋಚಿಸಿ. ದೊಡ್ಡ ನಗರಗಳ ದೊಡ್ಡ ಪ್ರಯೋಗಾಲಯಗಳು ಸಲಹೆಗಾರರನ್ನು ನೇಮಿಸಿಕೊಂಡು ಮೊದಲ ವರ್ಷವೇ ಪ್ರಮಾಣಪತ್ರ ಪಡೆಯುತ್ತವೆ. ಇಬ್ಬರೇ ತಂತ್ರಜ್ಞರಿರುವ ಗ್ರಾಮೀಣ ಲ್ಯಾಬ್ ಮುಚ್ಚುತ್ತದೆ, ಅಥವಾ ಇನ್ನೂ ಕೆಟ್ಟದಾಗಿ, ಕಡತಗಳನ್ನು ಮಾತ್ರ ಸಿದ್ಧಪಡಿಸಿಕೊಂಡು ನಡೆಯುತ್ತದೆ. ಪರಿಶೀಲಕರು ಬರುವ ಹಿಂದಿನ ರಾತ್ರಿ ತಿಂಗಳ ಕಂಟ್ರೋಲ್ ದಾಖಲೆಗಳನ್ನೆಲ್ಲ ಒಂದೇ ಪೆನ್ನಿನಲ್ಲಿ ತುಂಬಿಸಿಟ್ಟ ಪುಸ್ತಕಗಳನ್ನು ನಾನು ಕಂಡಿದ್ದೇನೆ. ಅಂಥವರನ್ನು ಬೈಯುವುದು ಸುಲಭ. ದಿನಕ್ಕೆ ನೂರಾರು ಮಾದರಿಗಳ ನಡುವೆ ಒಬ್ಬರೇ ದುಡಿಯುವವರಿಗೆ ಇನ್ನೇನು ದಾರಿಯಿತ್ತು ಎಂದು ಕೇಳಿಕೊಂಡರೆ ತಪ್ಪು ಎಲ್ಲಿದೆಯೆಂದು ತಿಳಿಯುತ್ತದೆ. ಹತ್ತಿರದ ಲ್ಯಾಬ್ ಮುಚ್ಚಿದರೆ ಗರ್ಭಿಣಿಯೊಬ್ಬಳ ರಕ್ತಹೀನತೆ ಹೆರಿಗೆಯ ದಿನದವರೆಗೂ ಪತ್ತೆಯಾಗದೆ ಉಳಿಯಬಹುದು. ನಿಮ್ಮ ಕಿರಿಯರ ಭಯ ಆಧಾರರಹಿತವಲ್ಲ.

ಹಾಗೆಂದು ನಿಯಮವೇ ಬೇಡವೆಂದಲ್ಲ. ಇಲ್ಲಿ ಎರಡು ಕಡೆಯ ಪದ್ಧತಿಗಳನ್ನು ಗಮನಿಸಬಹುದು. ಅಮೆರಿಕದಲ್ಲಿ 1967ರ ಕಾನೂನು ಮುಖ್ಯವಾಗಿ ರಾಜ್ಯಗಳ ಗಡಿ ದಾಟಿ ಮಾದರಿಗಳನ್ನು ಸ್ವೀಕರಿಸುತ್ತಿದ್ದ ಪ್ರಯೋಗಾಲಯಗಳಿಗೆ ಅನ್ವಯಿಸುತ್ತಿತ್ತು. ಗರ್ಭಕಂಠದ ಕ್ಯಾನ್ಸರ್ ಪತ್ತೆಹಚ್ಚುವ ಪ್ಯಾಪ್ ಪರೀಕ್ಷೆಗಳಲ್ಲಿ ಗಂಭೀರ ಲೋಪಗಳಾಗುತ್ತಿರುವುದು 1987ರಲ್ಲಿ ಪತ್ರಿಕಾ ವರದಿಗಳಿಂದ ಬಯಲಾದ ಮೇಲೆ, 1988ರಲ್ಲಿ ಕಾನೂನನ್ನು ಬದಲಿಸಿ ಚಿಕಿತ್ಸೆಗಾಗಿ ಮಾನವ ಮಾದರಿಯನ್ನು ಪರೀಕ್ಷಿಸುವ ಬಹುತೇಕ ಎಲ್ಲ ಕಡೆಗೂ ಅದನ್ನು ವಿಸ್ತರಿಸಲಾಯಿತು. ಆದರೆ ಎಲ್ಲರಿಗೂ ಒಂದೇ ಹೊರೆ ಹೊರಿಸಲಿಲ್ಲ. ಪರೀಕ್ಷೆಯ ಸಂಕೀರ್ಣತೆಗೆ ತಕ್ಕಂತೆ ನಿಯಮದ ಬಿಗಿ ಹೆಚ್ಚುತ್ತದೆ. ತೀರಾ ಸರಳ ಪರೀಕ್ಷೆಗಳಿಗೆ ಬಹಳಷ್ಟು ವಿನಾಯಿತಿಯಿದೆ. ಆಫ್ರಿಕಾದ ಪದ್ಧತಿ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಅಲ್ಲಿನ ಪ್ರಾದೇಶಿಕ ಕಚೇರಿಯು ಹಂತಹಂತದ ಸುಧಾರಣೆಯ ಪದ್ಧತಿಯೊಂದನ್ನು ರೂಪಿಸಿ, ಪರಿಶೀಲನೆಯಲ್ಲಿ ಗಳಿಸಿದ ಅಂಕಗಳಿಗೆ ಅನುಗುಣವಾಗಿ ಸೊನ್ನೆಯಿಂದ 5ರವರೆಗೆ ನಕ್ಷತ್ರಗಳನ್ನು ಕೊಡುತ್ತದೆ. ಶೇ. 55 ತಲುಪಿದರೆ ಮೊದಲ ನಕ್ಷತ್ರ, ಶೇ. 95 ದಾಟಿದರೆ ಐದನೆಯದು. ನಿನ್ನೆಗಿಂತ ಇಂದು ಮುಂದೆ ಹೋಗಿದ್ದೇವೆ ಎಂಬ ಪುರಾವೆ ಪ್ರಯೋಗಾಲಯದ ಗೋಡೆಯ ಮೇಲೆ ಇರುತ್ತದೆ, ಎಲ್ಲಿ ಎಡವುತ್ತಿದ್ದೇವೆ ಎಂಬುದು ಸಿಬ್ಬಂದಿಗೂ ಗೊತ್ತಿರುತ್ತದೆ.

ನನ್ನ ಸಲಹೆ ಈ ಎರಡನ್ನೂ ಕೂಡಿಸಿದ್ದು. ಮೊದಲ ಹಂತದಲ್ಲಿ ಕಡ್ಡಾಯವಾಗಬೇಕಾದದ್ದು ಕೆಲವೇ ಸಂಗತಿಗಳು: ಪ್ರತಿಯೊಂದು ಪ್ರಯೋಗಾಲಯದ ನೋಂದಣಿ, ಅರ್ಹ ಸಿಬ್ಬಂದಿ, ನಿತ್ಯದ ಆಂತರಿಕ ಗುಣಮಟ್ಟ ನಿಯಂತ್ರಣ, ಮತ್ತು ಬಾಹ್ಯ ಗುಣಮಟ್ಟ ಪರಿಶೀಲನೆಯಲ್ಲಿ (ಹೊರಗಿನವರು ಕಳುಹಿಸಿದ ಮಾದರಿಯನ್ನು ಪರೀಕ್ಷಿಸಿ ಉತ್ತರಗಳನ್ನು ಹೋಲಿಸುವುದರಲ್ಲಿ) ಭಾಗವಹಿಸುವಿಕೆ. ಇವುಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಕೊನೆಯದನ್ನೇ ಆರಿಸುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬೆಲ್ಕ್ ಮತ್ತು ಸಂಡರ್‌ಮನ್ ಎಂಬ ಇಬ್ಬರು ವೈದ್ಯರು ಅನೇಕ ಆಸ್ಪತ್ರೆ ಪ್ರಯೋಗಾಲಯಗಳಿಗೆ ಒಂದೇ ಬಗೆಯ ಮಾದರಿಗಳನ್ನು ಕಳುಹಿಸಿ, ಬಂದ ಉತ್ತರಗಳನ್ನು 1947ರಲ್ಲಿ ಪ್ರಕಟಿಸಿದರು. ಉತ್ತರಗಳ ನಡುವಿನ ಅಂತರ ಎಲ್ಲರನ್ನೂ ಬೆಚ್ಚಿಬೀಳಿಸುವಷ್ಟಿತ್ತು. ಇಂದಿಗೂ ಒಂದು ಪ್ರಯೋಗಾಲಯ ತನ್ನ ದೋಷವನ್ನು ತಾನೇ ಕಾಣುವುದಕ್ಕೆ ಇದಕ್ಕಿಂತ ಸರಳವಾದ ಉಪಾಯವಿಲ್ಲ. ಆಂತರಿಕ ಕಂಟ್ರೋಲ್ ದಿನದಿಂದ ದಿನಕ್ಕೆ ಒಂದೇ ರೀತಿ ಬಂದರೂ, ಎಲ್ಲ ದಿನವೂ ಒಂದೇ ಪ್ರಮಾಣದಲ್ಲಿ ತಪ್ಪುತ್ತಿರುವ ಸಾಧ್ಯತೆ ಇದ್ದೇ ಇರುತ್ತದೆ; ಹೊರಗಿನವರು ಕಳುಹಿಸಿದ ಮಾದರಿ ಮಾತ್ರ ಅದನ್ನು ಎತ್ತಿತೋರಿಸಬಲ್ಲದು. ಸರ್ಕಾರಿ ಪ್ರಯೋಗಾಲಯಗಳಿಗೆ ಇದನ್ನು ಉಚಿತವಾಗಿ ಒದಗಿಸಬೇಕೆಂದು, ಮೊದಲ ಎರಡು ಮೂರು ವರ್ಷ ಫಲಿತಾಂಶಗಳನ್ನು ಶಿಕ್ಷೆಗಾಗಿ ಬಳಸಬಾರದೆಂದು ಸ್ಪಷ್ಟವಾಗಿ ಬರೆಯಿರಿ. ಶಿಕ್ಷೆಯ ಭಯವಿದ್ದರೆ ಪರಿಶೀಲನೆಯ ಮಾದರಿಯನ್ನು ವಿಶೇಷ ಕಾಳಜಿಯಿಂದ ನಾಲ್ಕು ಬಾರಿ ಮಾಡಿ, ಪಕ್ಕದ ಲ್ಯಾಬಿನವರನ್ನು ಕೇಳಿ ಉತ್ತರ ಕಳುಹಿಸುವುದು ನಡೆಯುತ್ತದೆ. ಆಗ ಇಡೀ ವ್ಯವಸ್ಥೆಯೇ ಸುಳ್ಳಾಗುತ್ತದೆ.

ಯಾವ ಹಂತದ ಆಸ್ಪತ್ರೆಯಲ್ಲಿ ಯಾವ ಪರೀಕ್ಷೆ ಸಿಗಲೇಬೇಕು ಎಂಬ ಪಟ್ಟಿಯಿಲ್ಲದೆ ನೀತಿಗೆ ನೆಲೆಯಿರುವುದಿಲ್ಲ. ಅತ್ಯಗತ್ಯ ಔಷಧಗಳ ಪಟ್ಟಿಯಂತೆಯೇ ಅತ್ಯಗತ್ಯ ರೋಗನಿರ್ಣಯ ಪರೀಕ್ಷೆಗಳ ಮೊದಲ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಪ್ರಕಟಿಸಿತು. ಅದರ ಮರುವರ್ಷವೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಗ್ರಾಮ ಮಟ್ಟದಿಂದ ಜಿಲ್ಲಾ ಆಸ್ಪತ್ರೆಯವರೆಗೆ ಹಂತವಾರು ಪಟ್ಟಿಯನ್ನು ಸಿದ್ಧಪಡಿಸಿತು. ಪಟ್ಟಿಯ ಪ್ರಯೋಜನ ಕಾಗದದಲ್ಲಿರುವ ಹೆಸರುಗಳಲ್ಲಿಲ್ಲ. ಒಂದು ಪರೀಕ್ಷೆ ಪಟ್ಟಿಗೆ ಸೇರಿದ ಕೂಡಲೇ ಅದಕ್ಕೆ ಬೇಕಾದ ಉಪಕರಣ, ರಿಯೇಜೆಂಟ್, ಸಿಬ್ಬಂದಿ, ಶೈತ್ಯ ಸರಪಳಿ, ಸಾಗಣೆ ಇವೆಲ್ಲದರ ಲೆಕ್ಕ ಹಾಕುವುದು ಸಾಧ್ಯವಾಗುತ್ತದೆ, ಅದು ಸಿಗದಿದ್ದಾಗ ಪ್ರಶ್ನಿಸುವ ಹಕ್ಕು ರೋಗಿಗೂ ಬರುತ್ತದೆ.

ಸೇವೆಯನ್ನು ಯಾರು ಹೇಗೆ ನಡೆಸಬೇಕು ಎಂಬುದರಲ್ಲಿ ಆಯ್ಕೆಗಳು ಹಲವು, ಅಪಾಯವಿಲ್ಲದ ಆಯ್ಕೆ ಒಂದೂ ಇಲ್ಲ. ಎಲ್ಲ ಮಾದರಿಗಳನ್ನೂ ದೊಡ್ಡ ಕೇಂದ್ರಗಳಿಗೆ ಸಾಗಿಸಿ ಅಲ್ಲಿ ಪರೀಕ್ಷಿಸುವುದು ಅಗ್ಗ, ಗುಣಮಟ್ಟ ಕಾಯುವುದೂ ಸುಲಭ; ಹಾರ್ಮೋನು ಪರೀಕ್ಷೆ, ಬಯಾಪ್ಸಿ, ಅಪರೂಪದ ಸೋಂಕುಗಳ ಪತ್ತೆಗೆ ಅದೇ ಸರಿ. ಆದರೆ ರಕ್ತಸ್ರಾವವಾಗುತ್ತಿರುವ ತಾಯಿಯ ರಕ್ತಗುಂಪು, ಪ್ರಜ್ಞೆ ತಪ್ಪಿದವರ ಸಕ್ಕರೆ, ಮೂತ್ರಪಿಂಡ ಸೋತವರ ಪೊಟ್ಯಾಸಿಯಂ ವರದಿ ನಾಳೆ ಬಂದರೆ ಪ್ರಯೋಜನವಿಲ್ಲ. ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಡುವುದರಿಂದ ಸೇವೆ ಬೇಗ ಆರಂಭವಾಗುತ್ತದೆ, ನಿಜ. ಕೆಲವು ವರ್ಷಗಳಲ್ಲಿ ಸರ್ಕಾರಿ ಆಸ್ಪತ್ರೆಯೊಳಗಿನ ಕೌಶಲವೇ ಕರಗಿಹೋಗಿ, ಗುತ್ತಿಗೆ ಮುಗಿದ ದಿನ ಮರಳಲು ಏನೂ ಉಳಿದಿರದ ಸ್ಥಿತಿ ಬರಬಹುದು. ಪರೀಕ್ಷೆಯ ಎಣಿಕೆಗೆ ಹಣ ಸಂದಾಯವಾಗುವಲ್ಲಿ ಅನಗತ್ಯ ಪರೀಕ್ಷೆಗಳೂ ಹೆಚ್ಚುತ್ತವೆ. ಗುತ್ತಿಗೆ ಅನಿವಾರ್ಯವಾದಲ್ಲಿ ವರದಿಯ ಅವಧಿ, ಬಾಹ್ಯ ಪರಿಶೀಲನೆಯ ಫಲಿತಾಂಶ, ಸೋಂಕುರೋಗದ ಮಾಹಿತಿಯನ್ನು ಸರ್ಕಾರಕ್ಕೆ ತಲುಪಿಸುವ ಹೊಣೆ ಇವು ಒಪ್ಪಂದದಲ್ಲೇ ಇರಬೇಕು. ಯಂತ್ರವನ್ನು ಕೊಳ್ಳದೆ, ರಿಯೇಜೆಂಟ್ ಖರೀದಿಯ ಷರತ್ತಿನ ಮೇಲೆ ಕಂಪನಿಯೇ ಯಂತ್ರವನ್ನು ಇರಿಸುವ ಪದ್ಧತಿಗೂ ಇದೇ ಮಾತು ಅನ್ವಯಿಸುತ್ತದೆ. ದುರಸ್ತಿಯ ತಲೆನೋವು ಅವರದಾಗುತ್ತದೆ, ಬೆಲೆಯ ಹಿಡಿತವೂ ಅವರದೇ ಆಗುತ್ತದೆ.

ರೋಗಿಯ ಪಕ್ಕದಲ್ಲೇ ಮಾಡುವ ಕಿಟ್ ಪರೀಕ್ಷೆಗಳು ಬಂದ ಮೇಲೆ ಪ್ರಯೋಗಾಲಯದ ಅಗತ್ಯವೇ ಕಡಿಮೆಯಾಗುತ್ತದೆ ಎಂಬ ವಾದವನ್ನೂ ನೀವು ಕೇಳಬೇಕಾದೀತು. ಮಲೇರಿಯಾದ ಕ್ಷಿಪ್ರ ಪರೀಕ್ಷೆ ಎಷ್ಟೋ ಜೀವಗಳನ್ನು ಉಳಿಸಿದೆ, ಅದನ್ನು ವಿರೋಧಿಸುವ ಮಾತೇ ಇಲ್ಲ. ಆದರೆ ಬಿಸಿಲಿನಲ್ಲಿ ಸಂಗ್ರಹಿಸಿಟ್ಟ ಕಿಟ್ ಹಾಳಾಗುತ್ತದೆ, ತೀವ್ರ ರಕ್ತಹೀನತೆ ಇರುವವರಲ್ಲಿ ಗ್ಲೂಕೋಮೀಟರಿನ ಅಂಕಿ ನಿಜಕ್ಕಿಂತ ಹೆಚ್ಚಾಗಿ ತೋರಬಹುದು, ಮಸುಕಾದ ಗೆರೆಯನ್ನು ಒಬ್ಬರು ಪಾಸಿಟಿವ್ ಎಂದೂ ಇನ್ನೊಬ್ಬರು ನೆಗೆಟಿವ್ ಎಂದೂ ಓದುತ್ತಾರೆ. ಇವುಗಳನ್ನು ಬಳಸುವವರಿಗೆ ತರಬೇತಿ ಕೊಟ್ಟು ಪರಿಶೀಲಿಸುವ ಹೊಣೆ ಪ್ರಯೋಗಾಲಯದ್ದಾಗಬೇಕು. ಹಾಗಾಗಿ ಕಿಟ್‌ಗಳು ಹೆಚ್ಚಿದಷ್ಟೂ ಪ್ರಯೋಗಾಲಯದ ಕೆಲಸ ಹೆಚ್ಚುತ್ತದೆ.

ಇಷ್ಟೆಲ್ಲ ಇದ್ದೂ ಪ್ರಯೋಗಾಲಯ ಏಕೆ ಯಾವಾಗಲೂ ಹಿಂದಿನ ಸಾಲಿನಲ್ಲಿ ಉಳಿಯುತ್ತದೆ? ನನಗೆ ಕಂಡ ಕಾರಣವೆಂದರೆ, ಬಹಳಷ್ಟು ಕಡೆ ಆರೋಗ್ಯ ಸಚಿವಾಲಯದಲ್ಲಿ ಅದಕ್ಕೆಂದೇ ಒಬ್ಬ ಜವಾಬ್ದಾರ ಅಧಿಕಾರಿಯಿರುವುದಿಲ್ಲ, ಆಯವ್ಯಯದಲ್ಲಿ ಅದಕ್ಕೆಂದೇ ಒಂದು ಶೀರ್ಷಿಕೆ ಇರುವುದಿಲ್ಲ. ಔಷಧಕ್ಕೆ, ಲಸಿಕೆಗೆ, ಕಟ್ಟಡಕ್ಕೆ ಶೀರ್ಷಿಕೆಯಿದೆ. ಪ್ರಯೋಗಾಲಯದ ಖರ್ಚು "ಇತರೆ"ಯಲ್ಲಿ ಅಡಗಿರುತ್ತದೆ, ಕಡಿತ ಬಂದಾಗ ಮೊದಲು ಕತ್ತರಿಸಲ್ಪಡುವುದು ಆ "ಇತರೆ"ಯೇ. ಆದ್ದರಿಂದ ನಿಮ್ಮ ಮನವಿಯ ಮೊದಲ ಪುಟದಲ್ಲಿ ಈ ಎರಡು ಬೇಡಿಕೆಗಳೇ ಇರಲಿ: ತೀರ್ಮಾನ ತೆಗೆದುಕೊಳ್ಳುವ ಅಧಿಕಾರವುಳ್ಳ ರಾಷ್ಟ್ರೀಯ ಪ್ರಯೋಗಾಲಯ ನಿರ್ದೇಶನಾಲಯ, ಮತ್ತು ನಿರ್ವಹಣೆ, ರಿಯೇಜೆಂಟ್, ಗುಣಮಟ್ಟ ಪರಿಶೀಲನೆಗೆ ಪ್ರತ್ಯೇಕ ಆಯವ್ಯಯ ಶೀರ್ಷಿಕೆ. ಇವೆರಡಿಲ್ಲದ ನೀತಿ ಎಷ್ಟೇ ಸುಂದರವಾಗಿ ಅಚ್ಚಾಗಿ ಬಂದರೂ ಬಿಡುಗಡೆಯ ಸಮಾರಂಭದೊಂದಿಗೆ ಮುಗಿದುಹೋಗುತ್ತದೆ. ಕಾನೂನನ್ನೇ ಮೊದಲು ಕೇಳುವುದು ಇನ್ನೊಂದು ದಾರಿ. ಕಾನೂನಿಗೆ ಬಲ ಹೆಚ್ಚು, ಆದರೆ ಅದಕ್ಕೆ ವರ್ಷಗಳು ಹಿಡಿಯುತ್ತವೆ, ಜಾರಿಗೆ ಪರಿಶೀಲಕರೇ ಇಲ್ಲದಿದ್ದರೆ ಕಿರುಕುಳದ ಸಾಧನವಾಗುವ ಅಪಾಯವೂ ಇದೆ. ಮೊದಲು ನೀತಿ ಮತ್ತು ಐದು ವರ್ಷದ ವೆಚ್ಚಸಹಿತ ಯೋಜನೆ, ಅದರ ಅನುಭವದ ಮೇಲೆ ಕಾನೂನು ಎಂಬ ಕ್ರಮವನ್ನು ನಾನು ಒಪ್ಪುತ್ತೇನೆ.

ಹಣಕಾಸು ಇಲಾಖೆಗೆ ಅರ್ಥವಾಗುವ ವಾದವೂ ನಿಮ್ಮಲ್ಲಿರಬೇಕು. ಕಲ್ಚರ್ ಮತ್ತು ಸೆನ್ಸಿಟಿವಿಟಿ ಪರೀಕ್ಷೆ (ರೋಗಾಣುವನ್ನು ಬೆಳೆಸಿ ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವುದು) ಇಲ್ಲದ ಆಸ್ಪತ್ರೆಯಲ್ಲಿ ವೈದ್ಯರು ಅನುಮಾನದ ಮೇಲೆ ದುಬಾರಿಯಾದ, ವಿಶಾಲ ವ್ಯಾಪ್ತಿಯ ಆ್ಯಂಟಿಬಯಾಟಿಕ್‌ಗಳನ್ನೇ ಬರೆಯುತ್ತಾರೆ. ಪ್ರಯೋಗಾಲಯದಲ್ಲಿ ಉಳಿಸಿದ ಹಣ ಔಷಧಾಲಯದಲ್ಲಿ ಸೋರಿಹೋಗುತ್ತದೆ, ಔಷಧಕ್ಕೆ ಬಗ್ಗದ ರೋಗಾಣುಗಳು ಆಸ್ಪತ್ರೆಯಲ್ಲೇ ಬೆಳೆಯುತ್ತವೆ. ಕ್ಷಯದ ಉದಾಹರಣೆಯೂ ಸ್ಪಷ್ಟವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅನುಮೋದಿಸಿದ ಎಕ್ಸ್‌ಪರ್ಟ್ ಎಂಬ ಹೆಸರಿನ ಪರೀಕ್ಷೆ ರೋಗಾಣುವನ್ನೂ, ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್ ವಿರುದ್ಧದ ಪ್ರತಿರೋಧವನ್ನೂ ಸುಮಾರು ಎರಡು ಗಂಟೆಗಳಲ್ಲಿ ತಿಳಿಸಬಲ್ಲದು. ಆದರೆ ವರದಿ ವೈದ್ಯರ ಕೈಸೇರಲು ವಾರ ಹಿಡಿದರೆ ಆ ಎರಡು ಗಂಟೆಗಳ ಲಾಭ ರೋಗಿಗೆ ದಕ್ಕುವುದಿಲ್ಲ. ಪರೀಕ್ಷೆಯ ಹಣ ಸಾರ್ಥಕವಾಗುವುದು ವರದಿಯ ಮೇಲೆ ಚಿಕಿತ್ಸೆ ನಡೆದಾಗ ಮಾತ್ರ ಎಂಬುದನ್ನು ನಾವು ಪ್ರಯೋಗಾಲಯದವರೂ ನೆನಪಿಡಬೇಕು.

ಇಂಥ ವಾದಕ್ಕೆ ನಿಮ್ಮದೇ ದಾಖಲೆಗಳು ಬೆನ್ನೆಲುಬಾಗಲಿ. ಸಂಘದ ಸದಸ್ಯರಿರುವ ಆಸ್ಪತ್ರೆಗಳಲ್ಲಿ ಮೂರು ತಿಂಗಳು ಒಂದೇ ನಮೂನೆಯಲ್ಲಿ ಬರೆದಿಡಿ: ಎಷ್ಟು ಮಾದರಿಗಳನ್ನು ಯಾವ ಕಾರಣಕ್ಕೆ ತಿರಸ್ಕರಿಸಲಾಯಿತು, ಯಾವ ಯಂತ್ರ ಎಷ್ಟು ದಿನ ನಿಂತಿತ್ತು, ಯಾವ ರಿಯೇಜೆಂಟ್ ಎಷ್ಟು ದಿನ ಇರಲಿಲ್ಲ, ಅಪಾಯದ ಮಟ್ಟದ ಫಲಿತಾಂಶ ಬಂದಾಗ ವೈದ್ಯರಿಗೆ ತಿಳಿಸಲು ಎಷ್ಟು ಹೊತ್ತು ಹಿಡಿಯಿತು. ರೋಗಿಗಳ ಹೆಸರು ಎಲ್ಲೂ ಬರಬಾರದು. ಆಸ್ಪತ್ರೆಗಳ ಹೆಸರನ್ನೂ ಬಿಡಿ, ಇಲ್ಲದಿದ್ದರೆ ಸದಸ್ಯರು ನಿಜವನ್ನು ಬರೆಯಲು ಅಂಜುತ್ತಾರೆ. ನಿಮ್ಮ ವರದಿಯನ್ನು ನಂಬದ ಆ ವೈದ್ಯರನ್ನೂ ಈ ಕೆಲಸಕ್ಕೆ ಕರೆಯಿರಿ. ಯಾವ ಪರೀಕ್ಷೆಯ ಬಗ್ಗೆ, ಯಾವ ಹೊತ್ತಿನ ವರದಿಯ ಬಗ್ಗೆ ಅವರಿಗೆ ಅಪನಂಬಿಕೆ ಎಂದು ಕೇಳಿದರೆ, ಬಹುಶಃ ಒಂದೆರಡು ಪರೀಕ್ಷೆಗಳ ಕಡೆಗೇ ಬೆರಳು ತೋರಿಸುತ್ತಾರೆ; ಅವುಗಳನ್ನು ಸರಿಪಡಿಸಲು ಯಾವ ನೀತಿಗೂ ಕಾಯಬೇಕಾಗಿಲ್ಲ. ಮನವಿಗೆ ವೈದ್ಯರ ಸಂಘ, ಶುಶ್ರೂಷಕರ ಸಂಘ, ರೋಗಿಗಳ ಪರವಾಗಿ ದುಡಿಯುವ ಸಂಘಟನೆಗಳು ಸಹಿ ಹಾಕಿದರೆ ಅದು ಒಂದು ವೃತ್ತಿಯ ಅಹವಾಲಾಗಿ ಉಳಿಯದೆ ಆರೋಗ್ಯದ ಬೇಡಿಕೆಯಾಗುತ್ತದೆ.

ಇದೇ ಕಾರಣಕ್ಕೆ ವೇತನದ ಬೇಡಿಕೆಯನ್ನು ಪ್ರತ್ಯೇಕ ಪತ್ರದಲ್ಲಿ ಸಲ್ಲಿಸಿ ಎನ್ನುತ್ತೇನೆ. ಅದು ನ್ಯಾಯವಾದ ಬೇಡಿಕೆ, ಅದರ ಬಗ್ಗೆ ಸಂಕೋಚ ಪಡಬೇಕಾಗಿಲ್ಲ. ಆದರೆ ಒಂದೇ ಕಡತದಲ್ಲಿ ಎರಡೂ ಇದ್ದರೆ, ಓದುವವರು ಮೊದಲು ವೇತನದ ಪುಟ ತೆರೆದು ಉಳಿದದ್ದನ್ನು ಅದರ ಪೀಠಿಕೆಯೆಂದು ತಿಳಿದು ಬದಿಗಿಡುತ್ತಾರೆ. ನೀತಿಯ ಮನವಿಯಲ್ಲಿ ಇರಬೇಕಾದದ್ದು ಸಿಬ್ಬಂದಿಗೆ ಸಂಬಂಧಿಸಿದ ಬೇರೆ ಸಂಗತಿಗಳು: ಕೆಲಸದ ಹೊರೆಗೆ ತಕ್ಕ ಹುದ್ದೆಗಳ ಲೆಕ್ಕ, ವೃತ್ತಿ ನೋಂದಣಿ, ರಾತ್ರಿ ಪಾಳಿಯಲ್ಲಿ ಒಬ್ಬರೇ ಇರಬಾರದೆಂಬ ನಿಯಮ, ಹೆಪಟೈಟಿಸ್ ಬಿ ಲಸಿಕೆ ಮತ್ತು ಜೈವಿಕ ಸುರಕ್ಷತೆ, ನಿರಂತರ ತರಬೇತಿ, ಬಡ್ತಿಯ ದಾರಿ. ಇವೆಲ್ಲವೂ ವರದಿಯ ಗುಣಮಟ್ಟಕ್ಕೆ ನೇರವಾಗಿ ತಾಕುವುದರಿಂದ ಯಾರೂ ಸ್ವಾರ್ಥವೆನ್ನಲಾರರು.

ಮನವಿಯನ್ನು ನಾಲ್ಕೈದು ಪುಟಗಳಿಗೆ ಮಿತಿಗೊಳಿಸಿ, ದಾಖಲೆಗಳನ್ನು ಅನುಬಂಧಕ್ಕೆ ಸೇರಿಸಿ, ಮುಂದಿನ ಆಯವ್ಯಯದ ಸಿದ್ಧತೆ ಆರಂಭವಾಗುವ ಮೊದಲೇ ಅದು ಆರೋಗ್ಯ ಮತ್ತು ಹಣಕಾಸು ಇಲಾಖೆಗಳೆರಡನ್ನೂ ತಲುಪುವಂತೆ ನೋಡಿಕೊಳ್ಳಿ. ಎಲ್ಲವೂ ಒಂದೇ ಸಲಕ್ಕೆ ಸಿಗುವುದಿಲ್ಲವೆಂದಾದರೆ ಬಾಹ್ಯ ಗುಣಮಟ್ಟ ಪರಿಶೀಲನೆ ಮತ್ತು ಪ್ರತ್ಯೇಕ ಆಯವ್ಯಯ ಶೀರ್ಷಿಕೆ ಇವೆರಡನ್ನು ಬಿಟ್ಟುಕೊಡಬೇಡಿ. ಅಕ್ರೆಡಿಟೇಷನ್‌ನ ಗಡುವನ್ನು ಮುಂದೂಡಲು ಒಪ್ಪಬಹುದು. ಮೂರು ತಿಂಗಳ ದಾಖಲೆಗಳು ಕೈಸೇರಿದ ಮೇಲೆ ಪರಿಷ್ಕೃತ ಕರಡನ್ನು ಕಳುಹಿಸಿದರೆ ಸಾಲುಸಾಲಾಗಿ ಓದಿ ನನ್ನ ಅಭಿಪ್ರಾಯ ಬರೆಯುತ್ತೇನೆ.